ಸದ್ದಿನ ಪಕ್ಕದ ಷರಾ

ಅಕ್ಕಿಯನ್ನು ಅಳೆದ ಮೇಲೆಯೂ ಅಕ್ಕಿ ಉಳಿಯುತ್ತದೆ. ಬಟ್ಟೆಯನ್ನು ಅಳೆದ ಮೇಲೆಯೂ ಬಟ್ಟೆ ಉಳಿಯುತ್ತದೆ. ಅಳತೆಯಲ್ಲಿ ಸಂದೇಹ ಬಂದವನು ಇನ್ನೊಂದು ಸೇರನ್ನೋ ಇನ್ನೊಂದು ಮೀಟರು ಕೋಲನ್ನೋ ತರಿಸಿ ಮತ್ತೊಮ್ಮೆ ಅಳೆಸಿ ನೋಡಬಹುದು. ಸದ್ದಿನ ಪಾಡು ಹಾಗಲ್ಲ. ಅದು ಹುಟ್ಟಿದ ಕ್ಷಣದಿಂದಲೇ ಅಳಿಯತೊಡಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದ ಗದ್ದಲವನ್ನು ಬೆಳಿಗ್ಗೆ ಹನ್ನೊಂದು ಗಂಟೆಗೆ ಅಧಿಕಾರಿಯ ಮೇಜಿನ ಮೇಲೆ ತಂದಿಡಲು ಯಾರಿಂದಲೂ ಆಗದು. ನಿದ್ದೆಗೆಟ್ಟವನಿಗೆ ಉಳಿಯುವುದು ಕೆಂಪಾದ ಎರಡು ಕಣ್ಣುಗಳು ಮತ್ತು “ಬಹಳ ಸದ್ದು ಸ್ವಾಮಿ” ಎಂಬ ಒಂದು ಮಾತು. ಎದುರು ಪಕ್ಷದವನು “ಅಷ್ಟೇನೂ ಇರಲಿಲ್ಲ” ಎಂದುಬಿಟ್ಟರೆ ವ್ಯಾಜ್ಯ ಅಲ್ಲಿಗೇ ನಿಂತಿತು. ಇಬ್ಬರ ಮಾತಿಗೂ ಒಂದೇ ತೂಕ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಕನ್ನಡದ ಗಾದೆ. ಕಣ್ಣಿನ ಸಾಕ್ಷ್ಯಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ ಕಿವಿಯ ಸಾಕ್ಷ್ಯಕ್ಕೆ ಇನ್ನೆಷ್ಟು ಬೇಕು! ಒಬ್ಬನಿಗೆ ಸಂಗೀತವಾದದ್ದು ಮತ್ತೊಬ್ಬನಿಗೆ ತಲೆನೋವು. ರೈಲುಹಳಿಯ ಪಕ್ಕದ ಮನೆಯಲ್ಲಿ ಬೆಳೆದವನಿಗೆ ರಾತ್ರಿಯ ಗಾಡಿ ಹಾದುಹೋದದ್ದೇ ತಿಳಿಯುವುದಿಲ್ಲ. ಹಬ್ಬಕ್ಕೆಂದು ಬಂದ ನೆಂಟನು ಪ್ರತಿ ಗಾಡಿಗೂ ಎದ್ದು ಕೂರುತ್ತಾನೆ. ಆದುದರಿಂದ ಸದ್ದಿನ ಜಗಳ ತೀರಬೇಕಾದರೆ ವಾದಿಗೂ ಸೇರದ, ಪ್ರತಿವಾದಿಗೂ ಸೇರದ ಮೂರನೆಯದೊಂದು ಕಿವಿ ಬೇಕು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ವಿಜ್ಞಾನವು ಅಂತಹ ಕಿವಿಯನ್ನು ಒದಗಿಸಿತು. 1929ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರವು ಗದ್ದಲವನ್ನು ತಗ್ಗಿಸುವ ದಾರಿ ಹುಡುಕಲು ಒಂದು ಆಯೋಗವನ್ನು ನೇಮಿಸಿತು. ಉಪಕರಣಗಳನ್ನು ತುಂಬಿಕೊಂಡ ಒಂದು ಮೋಟಾರು ಲಾರಿ ಬೀದಿ ಬೀದಿ ಸುತ್ತಿ ಸದ್ದನ್ನು ಅಳೆಯಿತು. ಪತ್ರಿಕೆಗಳಲ್ಲಿ ಪ್ರಶ್ನಾವಳಿಯನ್ನು ಅಚ್ಚು ಹಾಕಿಸಿ, ತಮ್ಮನ್ನು ಯಾವ ಸದ್ದು ಹೆಚ್ಚಾಗಿ ಬಾಧಿಸುತ್ತದೆಂದು ಜನರನ್ನೂ ಕೇಳಲಾಯಿತು. 1930ರಲ್ಲಿ ಆಯೋಗದ ವರದಿ ಹೊರಬಂದಿತು. ಯಂತ್ರವೂ ಕೇಳಿರಬೇಕು, ಮನುಷ್ಯನೂ ಕೇಳಿರಬೇಕು ಎಂಬ ವಿವೇಕ ಆ ಮೊದಲ ಪ್ರಯತ್ನದಲ್ಲಿಯೇ ಇತ್ತೆಂಬುದು ಗಮನಿಸತಕ್ಕ ವಿಷಯ.

ಅಂದು ಲಾರಿಯನ್ನು ತುಂಬಿದ್ದ ಉಪಕರಣ ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಅದರ ಹೆಸರು ಶಬ್ದ ವಿಶ್ಲೇಷಕ. ಇಂತಹ ಯಂತ್ರಗಳ ತಯಾರಿಕೆಯಲ್ಲಿ ಹೆಸರಾದ ಸಂಸ್ಥೆಗಳಲ್ಲಿ ಡೆನ್ಮಾರ್ಕಿನದೊಂದು. ಪೆರ್ ಬ್ರೂಯೆಲ್ ಮತ್ತು ವಿಗ್ಗೊ ಕೇರ್ ಎಂಬ ಇಬ್ಬರು ಎಂಜಿನಿಯರುಗಳು 1942ರಲ್ಲಿ ಅದನ್ನು ಸ್ಥಾಪಿಸಿದರು. ವಿಶ್ಲೇಷಕದ ತುದಿಯಲ್ಲಿ ಒಂದು ಮೈಕ್ರೊಫೋನು ಇರುತ್ತದೆ. ಅದರೊಳಗಿನ ತೆಳುವಾದ ಲೋಹದ ಪೊರೆ ಗಾಳಿಯ ಒತ್ತಡ ಏರಿಳಿದಂತೆಲ್ಲ ಕಂಪಿಸಿ, ಆ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಬೀಸುಗಾಳಿಯು ಮೈಕ್ರೊಫೋನಿಗೆ ತಾಗಿ ಸುಳ್ಳು ಸದ್ದನ್ನು ಹುಟ್ಟಿಸಬಾರದೆಂದು ಅದರ ಮೇಲೆ ಸ್ಪಂಜಿನ ಒಂದು ಉಂಡೆಯನ್ನು ತೊಡಿಸುತ್ತಾರೆ. ಕೆಳಗಿನ ಪುಟ್ಟ ಪರದೆಯ ಮೇಲೆ ಅಂಕಿಗಳೂ ಗೆರೆಗಳೂ ಮೂಡುತ್ತವೆ.

ಆ ಅಂಕಿಗಳ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ದೂರವಾಣಿಯೊಡನೆ ಸದಾ ನೆನೆಯುವ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನ ಹೆಸರು ಅದರಲ್ಲಿ ಅಡಗಿದೆ. ಆರೋಗ್ಯವಂತನಾದ ಯುವಕನ ಕಿವಿಗೆ ಕೇಳಿಸಬಲ್ಲ ಅತಿ ಸಣ್ಣ ಸದ್ದಿಗೆ ಸೊನ್ನೆ ಡೆಸಿಬೆಲ್ ಎನ್ನುತ್ತಾರೆ. ಅದರ ಒತ್ತಡ 20 ಮೈಕ್ರೊಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡವನ್ನು ಐನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ಕಿವಿಯನ್ನು ನೋಯಿಸತೊಡಗುವ ಸದ್ದು 120 ಡೆಸಿಬೆಲ್ಲಿನ ಆಸುಪಾಸಿನದು. ಇವೆರಡರ ತೀವ್ರತೆಗಳ ನಡುವಣ ಅಂತರ ಲಕ್ಷ ಕೋಟಿ ಪಟ್ಟು. ಇಷ್ಟು ದೊಡ್ಡ ಹರವನ್ನು ಚಿಕ್ಕ ಅಂಕಿಗಳಲ್ಲಿ ಅಡಗಿಸಬೇಕಾದುದರಿಂದ ಡೆಸಿಬೆಲ್ಲಿನ ಏಣಿಯು ಕೂಡುವ ಏಣಿಯಲ್ಲ, ಗುಣಿಸುವ ಏಣಿ. 10 ಡೆಸಿಬೆಲ್ ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 20 ಹೆಚ್ಚಿದರೆ ನೂರು ಪಟ್ಟು. 30 ಹೆಚ್ಚಿದರೆ ಸಾವಿರ ಪಟ್ಟು. ಈ ಒಂದು ಮಾತನ್ನು ಮರೆಯದೆ ಇಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ವರ್ತಕನು ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆಯೆ ಎಂದು ಮೊದಲು ನೋಡುವಂತೆ, ಸದ್ದನ್ನು ಅಳೆಯುವವನೂ ಮೊದಲು ತನ್ನ ಯಂತ್ರವನ್ನು ಪರೀಕ್ಷಿಸುತ್ತಾನೆ. ಅದಕ್ಕೆಂದೇ ಒಂದು ಪುಟ್ಟ ಸಾಧನವುಂಟು. ಮೈಕ್ರೊಫೋನಿಗೆ ಅದನ್ನು ತೊಡಿಸಿದರೆ, ಸೆಕೆಂಡಿಗೆ 1000 ಬಾರಿ ಕಂಪಿಸುವ, ಸರಿಯಾಗಿ 94 ಡೆಸಿಬೆಲ್ ಮಟ್ಟದ ಒಂದೇ ಸ್ವರವನ್ನು ಅದು ಹೊರಡಿಸುತ್ತದೆ. ಯಂತ್ರವೂ 94 ಎಂದೇ ತೋರಿಸಬೇಕು. ಅಳತೆಗೆ ಮೊದಲೊಮ್ಮೆ, ಅಳತೆ ಮುಗಿದ ಮೇಲೊಮ್ಮೆ ಈ ಪರೀಕ್ಷೆ ನಡೆಯುತ್ತದೆ. ನಡುವೆ ಯಂತ್ರ ದಾರಿ ತಪ್ಪಿದ್ದರೆ ಆ ಹೊತ್ತಿನ ಅಳತೆಯೆಲ್ಲ ವ್ಯರ್ಥವೆಂದು ತಿಳಿಯಬೇಕು.

ಇನ್ನು ಅಳತೆ. ಯಂತ್ರವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಗೋಡೆಗಳಿಂದ ದೂರವಿರಿಸಿ, ಗುಂಡಿಯನ್ನು ಒತ್ತಿದರೆ ಅದು ಸೆಕೆಂಡು ಸೆಕೆಂಡಿಗೂ ಸದ್ದಿನ ಮಟ್ಟವನ್ನು ಬರೆದಿಡತೊಡಗುತ್ತದೆ. ಪರದೆಯ ಮೇಲೆ ಎಡದಿಂದ ಬಲಕ್ಕೆ ಕಾಲ. ಕೆಳಗಿನಿಂದ ಮೇಲಕ್ಕೆ ಡೆಸಿಬೆಲ್. ಎರಡೂ ಸೇರಿ ಒಂದು ಗೆರೆ ಬೆಳೆಯುತ್ತ ಹೋಗುತ್ತದೆ. ದೂರದಿಂದ ನೋಡಿದ ಬೆಟ್ಟಸಾಲಿನಂತೆ ಅದರಲ್ಲಿ ಬಯಲುಂಟು, ದಿಬ್ಬವುಂಟು, ಚೂಪಾದ ಶಿಖರವುಂಟು. ಒಂದು ಲಾರಿ ಬಂದು ಹೋದರೆ ಗುಂಡಾದ ಗುಡ್ಡ ಮೂಡುತ್ತದೆ. ಬಾಗಿಲು ಬಡಿದುಕೊಂಡರೆ ಸೂಜಿಯಂತಹ ಮೊನೆ ಏಳುತ್ತದೆ.

ಆದರೆ ಗೆರೆಯಲ್ಲಿ ಒಂದು ಕೊರತೆಯುಂಟು. ಎಷ್ಟು ಸದ್ದಾಯಿತೆಂಬುದನ್ನು ಅದು ಹೇಳುತ್ತದೆ. ಯಾರ ಸದ್ದೆಂಬುದನ್ನು ಹೇಳುವುದಿಲ್ಲ. ನಾಯಿಯ ಬೊಗಳು, ಲಾರಿಯ ಹಾರನ್ನು, ಮಗುವಿನ ಅಳು, ಮದುವೆಯ ವಾದ್ಯ ಇವೆಲ್ಲ ಯಂತ್ರದ ಪಾಲಿಗೆ ಗಾಳಿಯ ಒತ್ತಡವಷ್ಟೆ. ಬೆಲೆಯುಳ್ಳ ಯಂತ್ರ ಕೊಂಡುಕೊಂಡ ಮಾತ್ರಕ್ಕೆ ಈ ಕೊರತೆ ನೀಗುವುದಿಲ್ಲ. ಅದನ್ನು ತುಂಬಬೇಕಾದವನು ಯಂತ್ರದ ಬಳಿ ನಿಂತು, ತನ್ನ ಎರಡು ಕಿವಿಗಳನ್ನೂ ತೆರೆದು, ಈಗ ಏನು ಕೇಳಿಸುತ್ತಿದೆ ಎಂದು ಗಮನಿಸುವ ಮನುಷ್ಯ.

ಹಿಂದೆ ಸದ್ದಿನ ಮಟ್ಟವನ್ನು ಕಾಗದದ ಸುರುಳಿಯ ಮೇಲೆ ಲೇಖನಿಯಿಂದ ಗೆರೆಯಾಗಿ ಎಳೆಯುವ ಯಂತ್ರಗಳಿದ್ದವು. ಸುರುಳಿ ನಿಧಾನವಾಗಿ ಸರಿಯುತ್ತಿರುವಾಗ ಬಳಿಯಲ್ಲಿ ಕುಳಿತವನು ಸೀಸದ ಕಡ್ಡಿಯಿಂದ ಗೆರೆಯ ಪಕ್ಕದಲ್ಲಿ ‘ಲಾರಿ’, ‘ರೈಲು’, ‘ಗುಡುಗು’ ಎಂದು ಬರೆದಿಡಬಹುದಾಗಿತ್ತು. ಇಂದಿನ ಕೈಯಂತ್ರದಲ್ಲಿ ಆ ಸೀಸದ ಕಡ್ಡಿಯ ಕೆಲಸವನ್ನು ಗುರುತುಗಳು ಮಾಡುತ್ತವೆ. ಎಂಜಿನಿಯರುಗಳು ಇವನ್ನು ಮಾರ್ಕರ್ ಎಂದು ಕರೆಯುತ್ತಾರೆ. ಬೇಡದ ಸದ್ದು ಮೊದಲಾದ ಕೂಡಲೆ ಒಂದು ಗುಂಡಿಯನ್ನು ಒತ್ತಬೇಕು. ಅದು ನಿಂತ ಕೂಡಲೆ ಮತ್ತೊಮ್ಮೆ ಒತ್ತಬೇಕು. ಗೆರೆಯ ಆ ಭಾಗದ ಮೇಲೆ ಒಂದು ಪಟ್ಟಿ ಮೂಡುತ್ತದೆ. ‘ಲೆಕ್ಕದಿಂದ ಹೊರಗಿಡತಕ್ಕದ್ದು’ ಎಂಬುದು ಒಂದು ಬಗೆಯ ಗುರುತು. ‘ವಿಶೇಷವಾಗಿ ಗಮನಿಸತಕ್ಕದ್ದು’ ಎಂಬುದು ಇನ್ನೊಂದು ಬಗೆಯದು. ಕೈ ತಡವಾಯಿತೆ? ಚಿಂತೆಯಿಲ್ಲ. ಪರದೆಯ ಮೇಲಿನ ಗೆರೆಯಲ್ಲಿ ಬೇಕಾದ ಭಾಗವನ್ನು ಕಡ್ಡಿಯಿಂದ ಮುಟ್ಟಿ ಆಮೇಲೆಯೂ ಗುರುತು ಹಾಕುವ ಅನುಕೂಲ ಇಂತಹ ಕೆಲವು ಯಂತ್ರಗಳಲ್ಲಿದೆ. ಅಳತೆಯ ಜೊತೆಗೆ ಸದ್ದನ್ನೇ ಧ್ವನಿಮುದ್ರಿಸಿಕೊಳ್ಳುವ ಯಂತ್ರಗಳೂ ಇವೆ. ಅಳೆಯುವವನು ಕೆಮ್ಮಿದರೆ, ಮಾತನಾಡಿದರೆ ಅದಕ್ಕೂ ಗುರುತು ಬೀಳಲೇಬೇಕು. ತನ್ನ ಸದ್ದೆಂದು ಯಾರಿಗೂ ರಿಯಾಯಿತಿಯಿಲ್ಲ.

ಕಚೇರಿಯ ದಫ್ತರಗಳನ್ನು ನೋಡಿದವರಿಗೆ ಈ ವ್ಯವಸ್ಥೆ ಹೊಸದೆನಿಸದು. ಶಾಲೆಯ ದಾಖಲೆಯಾಗಲಿ, ಪಂಚಾಯಿತಿಯ ಲೆಕ್ಕವಾಗಲಿ, ಪುಟದ ಕೊನೆಯ ಅಂಕಣಕ್ಕೆ ‘ಷರಾ’ ಎಂಬ ತಲೆಬರಹವಿರುತ್ತದೆ. ಅಂಕಿಗಳು ತಮ್ಮ ತಮ್ಮ ಅಂಕಣಗಳಲ್ಲಿ ಕುಳಿತಿರುತ್ತವೆ. ಆ ಅಂಕಿಗಳು ಹಾಗೇಕಿವೆ ಎಂಬುದನ್ನು ಷರಾ ಹೇಳುತ್ತದೆ. ಪ್ರಾಮಾಣಿಕನಾದ ಲೆಕ್ಕಿಗನು ತಪ್ಪಿದ ಅಂಕಿಯನ್ನು ಕೆರೆದು ಅಳಿಸುವುದಿಲ್ಲ. ಓದಲು ಬರುವಂತೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಷರಾ ಬರೆದು, ಸಹಿ ಹಾಕುತ್ತಾನೆ. ವಿಶ್ಲೇಷಕದ ಗುರುತು ಕೂಡ ಸದ್ದಿನ ಪಕ್ಕದಲ್ಲಿ ಬರೆದ ಷರಾ. ಗುರುತು ಬಿದ್ದ ಭಾಗ ಲೆಕ್ಕದಿಂದ ಹೊರಗಾದರೂ ದಾಖಲೆಯಿಂದ ಹೊರಗಾಗುವುದಿಲ್ಲ. ಯಾರು ಬೇಕಾದರೂ ಮುಂದೆ ಅದನ್ನು ತೆರೆದು ನೋಡಿ, ಈ ಗುರುತನ್ನು ಇಲ್ಲೇಕೆ ಹಾಕಿದಿರಿ ಎಂದು ಕೇಳಬಹುದು.

ಈ ಪುಟ್ಟ ಷರಾದ ಬೆಲೆ ಎಷ್ಟೆಂಬುದನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಊರು, ಊರಿನಲ್ಲಿ ವಾಸದ ಮನೆಗಳ ಒಂದು ಬೀದಿ, ಬೀದಿಯ ಹಿಂದೆ ಆಲೂಗಡ್ಡೆ, ಹುಣಿಸೆಹಣ್ಣುಗಳನ್ನು ಕೆಡದಂತೆ ಇಡುವ ಒಂದು ಶೈತ್ಯಾಗಾರ. ಅದರ ಯಂತ್ರ ರಾತ್ರಿಯೆಲ್ಲ ಮೊರೆಯುತ್ತದೆ. ಬೀದಿಯವರು ದೂರು ಕೊಟ್ಟಿದ್ದಾರೆ. ಅಳೆಯಲು ಒಬ್ಬ ತರುಣ ಬಂದಿದ್ದಾನೆ. ಭಾರತ ಸರ್ಕಾರವು 2000ದಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು; ಉಳಿದದ್ದು ರಾತ್ರಿ. ಸದ್ದು ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಮೇಲಾದರೆ ಯಾರು ಬೇಕಾದರೂ ದೂರು ಕೊಡಬಹುದೆಂದು ಆ ನಿಯಮಗಳು ಹೇಳುತ್ತವೆ. ಎಂದರೆ ಈ ಬೀದಿಯ ಮಟ್ಟಿಗೆ ರಾತ್ರಿಯಲ್ಲಿ 55 ಎಂಬುದು ನಿರ್ಣಾಯಕವಾದ ಗೆರೆ.

ತರುಣನು ಹತ್ತು ನಿಮಿಷ ಅಳೆಯುತ್ತಾನೆ. ಯಂತ್ರದ ಮೊರೆತ ಏರದೆ ಇಳಿಯದೆ 56 ಡೆಸಿಬೆಲ್ಲಿನಲ್ಲಿ ನಿಂತಿದೆ. ನಡುವೆ ಬೀದಿಯ ನಾಯಿಯೊಂದು ಮುಕ್ಕಾಲಿಯ ಹತ್ತಿರವೇ ಬಂದು ಒಟ್ಟು ಹತ್ತು ಸೆಕೆಂಡು ಬೊಗಳುತ್ತದೆ. ಆಗ ಗೆರೆ 86ಕ್ಕೆ ನೆಗೆಯುತ್ತದೆ. ಹತ್ತು ನಿಮಿಷದಲ್ಲಿ 600 ಸೆಕೆಂಡು. ಅದರಲ್ಲಿ ನಾಯಿಯದು ಹತ್ತೇ ಸೆಕೆಂಡಲ್ಲವೆ, ಅದರಿಂದ ಏನಾದೀತು ಎಂದು ಯಾರಿಗಾದರೂ ತೋರಬಹುದು. ತರಗತಿಯ ಅಂಕಗಳ ಸರಾಸರಿ ತೆಗೆಯುವಂತೆ ತೆಗೆದರೆ ಬರುವುದೂ 56.5 ಮಾತ್ರ. ಆದರೆ ಸದ್ದಿನ ಸರಾಸರಿಯನ್ನು ಶಕ್ತಿಯ ಲೆಕ್ಕದಲ್ಲಿ ತೆಗೆಯಬೇಕು. ನಾಯಿಯ ಸದ್ದು 30 ಡೆಸಿಬೆಲ್ ಹೆಚ್ಚು, ಎಂದರೆ ಸಾವಿರ ಪಟ್ಟು. ಅದರ 10 ಸೆಕೆಂಡು ಮೊರೆತದ 10,000 ಸೆಕೆಂಡಿಗೆ ಸಮ. ಉಳಿದ 590 ಸೆಕೆಂಡಿನ ಮೊರೆತವನ್ನೂ ಸೇರಿಸಿದರೆ 10,590. ಇದನ್ನು 600 ಸೆಕೆಂಡಿಗೆ ಹಂಚಿದರೆ ಸದ್ದಿನ ಶಕ್ತಿ ಹದಿನೇಳೂವರೆ ಪಟ್ಟಿಗಿಂತಲೂ ಹೆಚ್ಚಾಗಿದೆ. ಡೆಸಿಬೆಲ್ಲಿನಲ್ಲಿ ಹೇಳುವುದಾದರೆ ಸರಾಸರಿ 56ರಿಂದ 68.5ಕ್ಕೆ ಏರಿದೆ. ಹತ್ತು ಸೆಕೆಂಡಿನ ನಾಯಿ ಹತ್ತು ನಿಮಿಷದ ಯಂತ್ರವನ್ನು ಮುಳುಗಿಸಿಬಿಟ್ಟಿದೆ.

ತರುಣನು ನಾಯಿ ಬೊಗಳಿದಾಗಲೆಲ್ಲ ಗುಂಡಿಯೊತ್ತಿ ಗುರುತು ಹಾಕಿದ್ದಾನೆ. ಅಳತೆ ಮುಗಿಯುವುದನ್ನೇ ಕಾದಿದ್ದ ಎದುರುಮನೆಯ ಮುದುಕಿ ಗೇಟಿನ ಬಳಿ ಬಂದು ಮಾತನಾಡಿಸುತ್ತಾಳೆ.

“ನಾಯಿ ಬೊಗಳಿದ್ದೂ ಅದರಲ್ಲಿ ಬಂತೇನಪ್ಪಾ?”

“ಬಂತು ಅಜ್ಜಿ. ಅದು ನಾಯಿಯದು ಅಂತ ಗುರುತು ಹಾಕಿದ್ದೀನಿ. ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡ್ತೀವಿ.”

“ಬಿಟ್ಟರೆ ಅಂಕಿ ಕಮ್ಮಿಯಾಗೋದಿಲ್ಲವೆ?”

“ಆಗುತ್ತೆ ಅಜ್ಜಿ. ಅರವತ್ತೆಂಟೂವರೆ ಇದ್ದದ್ದು ಐವತ್ತಾರಾಗುತ್ತೆ.”

“ಅಯ್ಯೋ, ಹಾಗಾದರೆ ಇರಲಿ ಬಿಡಪ್ಪ ನಾಯೀದೂ! ಮನೆಯವರು ಮೂರು ತಿಂಗಳಿಂದ ನೆಟ್ಟಗೆ ಕಣ್ಣು ಮುಚ್ಚಿಲ್ಲ. ಅಂಕಿ ಜಾಸ್ತಿ ಇದ್ದರೆ ತಾನೆ ನಮ್ಮ ಮಾತು ನಡೆಯೋದು?”

“ಹಾಗಲ್ಲ ಅಜ್ಜಿ. ಅರವತ್ತೆಂಟೂವರೆ ಅಂತ ಬರೆದರೆ, ಅದು ನಾಯಿ ಸದ್ದು ಅಂತ ಅವರು ಒಂದೇ ಮಾತಿನಲ್ಲಿ ತಳ್ಳಿಹಾಕ್ತಾರೆ. ಐವತ್ತಾರು ಅಂದರೆ ಅದು ಪೂರ್ತಿ ಅವರದೇ. ಅದನ್ನು ಯಾರ ಮೇಲೂ ಹಾಕೋದಕ್ಕೆ ಆಗೋದಿಲ್ಲ.”

ಮುದುಕಿಯ ಆಸೆಯಲ್ಲಿ ಕಪಟವಿಲ್ಲ. ನಿದ್ದೆಯಿಲ್ಲದ ಮನೆಯ ನೋವಿದೆ. ಆದರೂ ತರುಣನ ಮಾತೇ ಆ ಮನೆಗೆ ಹಿತವಾದ ಮಾತು. ಸುಳ್ಳಿನ ಬೆಂಬಲ ಪಡೆದ ಸತ್ಯ ಮೊದಲ ಪ್ರಶ್ನೆಗೇ ಕುಸಿಯುತ್ತದೆ. 68.5ರಲ್ಲಿ ನಾಯಿಯ ಪಾಲು ಇದೆಯೆಂದು ಒಮ್ಮೆ ತೋರಿಬಂದರೆ, ಅದರೊಳಗಿನ ನಿಜವಾದ 56 ಕೂಡ ನಂಬಿಕೆ ಕಳೆದುಕೊಳ್ಳುತ್ತದೆ.

ತರುಣನ ಕೆಲಸ ಇಷ್ಟಕ್ಕೇ ಮುಗಿಯಲಿಲ್ಲ. ಶೈತ್ಯಾಗಾರದ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಹೇಳಿ ಆತ ಬೀದಿಯ ಸಹಜವಾದ ಸದ್ದನ್ನೂ ಅಳೆಯಬೇಕು. ದೂರದ ರಸ್ತೆ, ಎಲೆಗಳ ಅಲುಗಾಟ, ಹುಳುಗಳ ಕಿರುದನಿ ಇವೆಲ್ಲ ಸೇರಿ 43 ಡೆಸಿಬೆಲ್ ಬಂದಿತೆನ್ನೋಣ. 56ರಲ್ಲಿ ಇದರ ಪಾಲೂ ಇರಲೇಬೇಕು. ಶಕ್ತಿಯ ಲೆಕ್ಕದಲ್ಲಿ ಅದನ್ನು ಕಳೆದರೆ ಯಂತ್ರದ ಸ್ವಂತದ್ದು 55.8. ನಿರ್ಣಾಯಕವಾದ 55ರ ಗೆರೆಗೆ ಈಗ ಒಂದು ಡೆಸಿಬೆಲ್ಲಿನ ಅಂತರವೂ ಇಲ್ಲ. ಆದರೂ ಗೆರೆ ದಾಟಿದೆ. ದೂರು ನಿಲ್ಲುತ್ತದೆ. ಅಂತರ ಇಷ್ಟು ಕಿರಿದಾಗಿರುವಾಗಲೇ ಷರಾದ ಶುದ್ಧತೆಗೆ ಹೆಚ್ಚು ಬೆಲೆ. ಒಂದು ವೇಳೆ ಯಂತ್ರದ ಸದ್ದು 52 ಆಗಿದ್ದು, ನಾಯಿಯ ಬೊಗಳು ಸೇರಿ ಗೆರೆ ದಾಟಿದ್ದರೆ? ಆಗ ಗುರುತಿಲ್ಲದ ಅಳತೆ ಇನ್ನೊಬ್ಬನ ತಪ್ಪನ್ನು ಶೈತ್ಯಾಗಾರದ ಮೇಲೆ ಹೊರಿಸುತ್ತಿತ್ತು. ಗುರುತು ದೂರು ಕೊಟ್ಟವನನ್ನು ಕಾಯುವಂತೆ ದೂರಿಗೆ ಗುರಿಯಾದವನನ್ನೂ ಕಾಯುತ್ತದೆ.

ಗುರುತು ಹಾಕುವುದು ಒಂದು ಕೆಲಸ. ಗುರುತು ಹಾಕಿದ್ದನ್ನು ನೋಡುವುದು ಇನ್ನೊಂದು ಕೆಲಸ. ಉಳಿಸಿಟ್ಟ ಅಳತೆಯನ್ನು ಪರದೆಯ ಮೇಲೆ ಮತ್ತೆ ತೆರೆದರೆ ಹತ್ತು ನಿಮಿಷವೂ ಒಂದೇ ನೋಟಕ್ಕೆ ಸಿಕ್ಕುತ್ತದೆ. ಬೇಕಾದ ಭಾಗವನ್ನು ಹಿಗ್ಗಿಸಿ ನೋಡಬಹುದು. ಗೆರೆಯ ಮೇಲೆ ಬೊಟ್ಟಿಟ್ಟಂತೆ ಒಂದು ಕಡ್ಡಿಗುರುತನ್ನು ಸರಿಸುತ್ತ ಯಾವ ಸೆಕೆಂಡಿನಲ್ಲಿ ಎಷ್ಟಿತ್ತೆಂದು ಓದಬಹುದು. ಧ್ವನಿಮುದ್ರಣವಿದ್ದರೆ ಅದು ನಾಯಿಯೋ ಬೇರೇನೋ ಎಂದು ಕೇಳಿ ಖಚಿತಪಡಿಸಿಕೊಳ್ಳಬಹುದು. ಗುರುತಿನ ಭಾಗ ಸೇರಿದರೆ ಎಷ್ಟು, ಬಿಟ್ಟರೆ ಎಷ್ಟು ಎಂಬ ಎರಡು ಅಂಕಿಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಬಹುದು.

ಹೀಗೆ ನೋಡುವವರ ಕಣ್ಣನ್ನು ಮೊದಲು ಸೆಳೆಯುವುದು ಶಿಖರಗಳು. ಮನುಷ್ಯನ ಕಣ್ಣಿನ ಸ್ವಭಾವವೇ ಅದು. ತರುಣನು ಆ ಪರದೆಯನ್ನು ಮುದುಕಿಗೆ ತೋರಿಸಿದನೆನ್ನೋಣ. ಡೆಸಿಬೆಲ್ ಎಂಬ ಹೆಸರನ್ನೇ ಕೇಳದ ಆಕೆ ನಾಯಿಯ ಚೂಪಾದ ಮೊನೆಗಳನ್ನು ಬಿಟ್ಟು, ಅವುಗಳ ಕೆಳಗೆ ಎಲ್ಲಿಯೂ ಕಡಿಯದೆ ಹರಿದ ಸಪಾಟಾದ ಗೆರೆಯ ಮೇಲೆ ಬೆರಳಿಟ್ಟು, “ನಮಗೆ ನಿದ್ದೆ ಕೊಡದೆ ಇರೋದು ಇದು” ಎಂದರೆ ಅದು ಅನುಭವದ ಮಾತು. ನಾಯಿ ಬೊಗಳಿ ಸುಮ್ಮನಾಗುತ್ತದೆ. ಎಚ್ಚರಗೊಂಡವನು ಮತ್ತೆ ಮಲಗುತ್ತಾನೆ. ನಿಲ್ಲದ ಮೊರೆತ ಮಲಗಲೇ ಬಿಡುವುದಿಲ್ಲ. ಶಿಖರಕ್ಕೆ ಷರಾ ಬರೆದು ಬದಿಗಿಟ್ಟಾಗಲೇ ಬಯಲು ಕಣ್ಣಿಗೆ ಬೀಳುವುದು.

ವಿಶ್ಲೇಷಕ ಎಂಬ ಹೆಸರಿನ ಸಾರ್ಥಕತೆಯೂ ಇಲ್ಲಿಯೇ ಕಾಣುತ್ತದೆ. ಅದು ಸದ್ದನ್ನು ತೂಗುವುದಲ್ಲದೆ ಬಿಡಿಸಿಯೂ ತೋರಿಸುತ್ತದೆ. ಮೊರೆತದಲ್ಲಿ ತಗ್ಗು ಸ್ವರವೆಷ್ಟು, ಎತ್ತರದ ಸ್ವರವೆಷ್ಟು ಎಂಬುದನ್ನು ಬೇರೆ ಬೇರೆ ಕಂಬಗಳಾಗಿ ಪರದೆಯ ಮೇಲೆ ನಿಲ್ಲಿಸುತ್ತದೆ. ಭಾರತದಲ್ಲಿ ಮನೆಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಅಲೆಯಾಡುತ್ತದೆ. ಅದರಿಂದ ನಡೆಯುವ ಯಂತ್ರಗಳ ಗುಂಯ್‌ಗುಡುವ ದನಿಯಲ್ಲಿ 100 ಹರ್ಟ್ಸಿನ ಸ್ವರ ಸಾಮಾನ್ಯ. ಮನುಷ್ಯನ ಕಿವಿ ಮೆಲ್ಲನೆಯ ತಗ್ಗು ಸ್ವರಗಳಿಗೆ ಮಂದ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ಅಂತಹ ಶೋಧನೆಗಳ ಆಧಾರದ ಮೇಲೆ ಅಳತೆಯಲ್ಲಿ ತಗ್ಗು ಸ್ವರಗಳಿಗೆ ಕಡಿಮೆ ತೂಕ ಕೊಡುವ ಪದ್ಧತಿ ಬಂದಿತು. 100 ಹರ್ಟ್ಸಿನ ಸ್ವರ ಆ ಪದ್ಧತಿಯಲ್ಲಿ ಸುಮಾರು 19 ಡೆಸಿಬೆಲ್ಲಿನಷ್ಟು ಹಗುರವಾಗಿ ಲೆಕ್ಕಕ್ಕೆ ಬರುತ್ತದೆ. ಆದರೆ ಕಿಟಕಿ ಗೋಡೆಗಳು ಎತ್ತರದ ಸ್ವರವನ್ನು ತಡೆದಷ್ಟು ತಗ್ಗು ಸ್ವರವನ್ನು ತಡೆಯಲಾರವು. ಬಾಗಿಲು ಹಾಕಿದ ಕೋಣೆಯಲ್ಲಿ ಉಳಿಯುವುದು ಆ ಮೊರೆತವೇ. ಒಟ್ಟು ಅಂಕಿ ಮುಚ್ಚಿಟ್ಟದ್ದನ್ನು ಬಿಡಿ ಕಂಬಗಳು ಹೊರಗೆಡಹುತ್ತವೆ.

ಈಗ ಪ್ರಶ್ನೆಯನ್ನು ತಿರುಗಿಸಿ ನೋಡಬಹುದು. ದೂರು ಶೈತ್ಯಾಗಾರದ ಮೇಲಲ್ಲ, ಬೀದಿನಾಯಿಗಳ ಮೇಲಾಗಿದ್ದರೆ? ಆಗ ಬೊಗಳು ಲೆಕ್ಕದ ಒಳಗೆ. ಬೊಗಳುವಿಕೆಗೆ ಸೇರದ ಮೊರೆತ ಹೊರಗೆ. ಆಸ್ಪತ್ರೆಯ ಮುಂದಿನ ರಸ್ತೆಯ ಸದ್ದನ್ನು ಅಳೆಯುವಾಗ ಲಾರಿಯ ಹಾರನ್ನು ಎಷ್ಟೇ ಕರ್ಕಶವಾಗಿರಲಿ, ಅದನ್ನು ಹೊರಗಿಡುವಂತಿಲ್ಲ. ಆ ರಸ್ತೆಯೆಂದರೆ ಆ ಹಾರನ್ನೇ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ 100 ಮೀಟರುಗಳನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ನಿಯಮ ಅವಕಾಶ ಕೊಡುತ್ತದೆ. ಅಲ್ಲಿ ಹಗಲಿನ ಮಿತಿ 50, ರಾತ್ರಿಯದು 40. ಅಲ್ಲಿ ಅಳೆಯುವವನು ಹಾರನ್ನು ಕೇಳಿದಾಗಲೆಲ್ಲ ‘ಹೊರಗಿಡತಕ್ಕದ್ದು’ ಎಂಬ ಗುಂಡಿಯನ್ನು ಒತ್ತುತ್ತ ಹೋದರೆ ಆ ರಸ್ತೆ ಕಾಗದದ ಮೇಲೆ ತಪೋವನವಾದೀತು. ರೋಗಿಯ ಹಾಸಿಗೆಯ ಬಳಿ ಹಾರನ್ನು ಮಾತ್ರ ಹಾಗೆಯೇ ಕೂಗುತ್ತಿರುತ್ತದೆ. ಹಿತವಾದ ಅಂಕಿಯನ್ನು ಹುಟ್ಟಿಸಲು ಯಂತ್ರವನ್ನು ಕೆಡಿಸಬೇಕಾಗಿಲ್ಲ, ಹೆಬ್ಬೆರಳೊಂದು ಸಾಕು.

ಆದುದರಿಂದ ಈ ಕೆಲಸಕ್ಕೆ ಒಂದು ನೀತಿಯುಂಟು. ಯಾವುದನ್ನು ಅಳೆಯಲು ಬಂದಿದ್ದೇವೆ, ಯಾವುದು ಲೆಕ್ಕಕ್ಕೆ ಸೇರದು ಎಂಬುದನ್ನು ಅಳತೆಗೆ ಮೊದಲೇ ನಿಶ್ಚಯಿಸಬೇಕು. ಅಂಕಿ ಬಂದ ಮೇಲಲ್ಲ. ಗುರುತು ಹಾಕಿದ್ದಕ್ಕೆ ಕಾರಣವನ್ನು ಬರೆಯಬೇಕು. ಬೇಡವೆಂದದ್ದನ್ನು ಅಳಿಸದೆ ಉಳಿಸಬೇಕು. ಎರಡು ಅಂಕಿಗಳನ್ನೂ ತೋರಿಸಬೇಕು. ಇವುಗಳಲ್ಲಿ ಒಂದೂ ಕಷ್ಟವಾದ ವಿಜ್ಞಾನವಲ್ಲ. ಆದರೆ ಇವನ್ನು ಪಾಲಿಸದಿದ್ದರೆ ಎಷ್ಟು ಸೂಕ್ಷ್ಮವಾದ ಯಂತ್ರವೂ ಕಳ್ಳ ತಕ್ಕಡಿಯಾಗಿಬಿಡುತ್ತದೆ.

ಈ ಎಚ್ಚರಿಕೆ ಬೇಕಾಗುವ ಸಂದರ್ಭಗಳು ದಿನದಿನಕ್ಕೂ ಹೆಚ್ಚುತ್ತಿವೆ. 2005ರ ಜುಲೈ 18ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಶಬ್ದಮಾಲಿನ್ಯದ ಬಗ್ಗೆ ಕೊಟ್ಟ ತೀರ್ಪಿನಲ್ಲಿ, ನೆಮ್ಮದಿಯಾಗಿ ಬಾಳುವ ಹಕ್ಕು ಬದುಕುವ ಹಕ್ಕಿನಲ್ಲಿಯೇ ಅಡಗಿದೆಯೆಂಬ ಭಾವವನ್ನು ಎತ್ತಿಹಿಡಿಯಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಯೂರೋಪಿನ ದೇಶಗಳಿಗೆಂದು ಹೊರತಂದ ಮಾರ್ಗಸೂಚಿಯಲ್ಲಿ ಮನೆಗಳ ಹೊರಗಣ ರಾತ್ರಿಯ ಸದ್ದು 40 ಡೆಸಿಬೆಲ್ ಮೀರದಿರಲಿ ಎಂದಿತು. 2011ರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಬೆಂಗಳೂರೂ ಸೇರಿದಂತೆ ಏಳು ಮಹಾನಗರಗಳಲ್ಲಿ ಹಗಲಿರುಳು ಸದ್ದನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸುತ್ತ ಬಂದಿತು. ಹಕ್ಕು ಕಾಗದದ ಮೇಲಿದೆ, ಮಿತಿ ಅಂಕಿಗಳಲ್ಲಿದೆ. ಇವೆರಡನ್ನೂ ಒಂದು ಬೀದಿಯ ಒಂದು ರಾತ್ರಿಗೆ ತಂದು ಸೇರಿಸುವ ಕೊಂಡಿಯೆಂದರೆ ಅಳತೆ.

ನಿದ್ದೆಯಿಲ್ಲದ ರೋಗಿ, ಪರೀಕ್ಷೆಗೆ ಓದುತ್ತಿರುವ ಹುಡುಗಿ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದ ಕಾರ್ಮಿಕ ಇವರು ಯಾರೂ ತಮ್ಮ ಸಂಕಟವನ್ನು ಡೆಸಿಬೆಲ್ಲಿನಲ್ಲಿ ಹೇಳಲಾರರು. ವಿಚಾರಣೆ ನಡೆಯುವ ಕೋಣೆಯಲ್ಲಿ ಅವರ ಪರವಾಗಿಯೂ ಎದುರಾಗಿಯೂ ಮಾತನಾಡುವುದು ಒಂದು ಗೆರೆ. ಆ ಗೆರೆ ಎಲ್ಲಿ ಎತ್ತರಕ್ಕೆ ಎದ್ದಿತು, ಏಕೆ ಎದ್ದಿತು, ಅದರಲ್ಲಿ ಯಾರ ಪಾಲು ಎಷ್ಟು ಎಂದು ರಾತ್ರಿಯಲ್ಲಿ ಎಚ್ಚರವಾಗಿ ನಿಂತು ಕೇಳಿದವನೊಬ್ಬ ಗುರುತಿಟ್ಟಿರುತ್ತಾನೆ. ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಅವನು ಬರೆದ ಷರಾ ಸರಿಯಾಗಿದ್ದರೆ, ಒಂದು ಬೀದಿಯ ಜನ ಮುಂದೊಂದು ರಾತ್ರಿ ನಿದ್ದೆ ಮಾಡುತ್ತಾರೆ.